ವಾಚ್ಯಾರ್ಥ, ವಿವಕ್ಷೆ ಮತ್ತು ಸತ್ಯ: ಕಥೋಲಿಕ ಪರಂಪರೆಯಲ್ಲಿ ಬೈಬಲ್ ಓದಿನ ಸ್ವರೂಪ

1

ಕಥೋಲಿಕ ಕ್ರೈಸ್ತನು ಬೈಬಲ್ಲಿನಲ್ಲಿ ಬರೆದಿರುವುದನ್ನೆಲ್ಲ ಅಕ್ಷರಶಃ ಸತ್ಯವೆಂದು ನಂಬಬೇಕೆ? ಲೋಕವು ಆರು ದಿನಗಳಲ್ಲಿ ಸೃಷ್ಟಿಯಾಯಿತು, ಹಾವು ಮಾತನಾಡಿತು, ಯೆಹೋಶುವನ ಪ್ರಾರ್ಥನೆಗೆ ಸೂರ್ಯನು ಆಕಾಶದಲ್ಲಿ ನಿಂತನು, ಯೋನನು ಮೀನಿನ ಹೊಟ್ಟೆಯಲ್ಲಿ ಮೂರು ದಿನ ಬದುಕಿದ್ದನು ಎಂಬ ಕಥನಗಳನ್ನು ನಡೆದ ಘಟನೆಗಳ ವರದಿಯೆಂದೇ ಸ್ವೀಕರಿಸಬೇಕೆ? ಸ್ವೀಕರಿಸದವನು ವಿಶ್ವಾಸದಿಂದ ಜಾರಿದವನೆ? ಹಾಗಲ್ಲವೆಂದಾದರೆ, ಒಂದನ್ನು ಕಥೆಯೆಂದು ಬಿಟ್ಟವನು ಕ್ರಿಸ್ತನ ಪುನರುತ್ಥಾನವನ್ನು ಮಾತ್ರ ಘಟನೆಯೆಂದು ಹಿಡಿದುಕೊಳ್ಳಲು ಆಧಾರವೇನು? ಈ ಪ್ರಶ್ನೆಗಳು ಧರ್ಮಶಾಸ್ತ್ರಜ್ಞರಿಗೆ ಮಾತ್ರ ಸಂಬಂಧಿಸಿದವುಗಳಲ್ಲ. ಬೆಳಗ್ಗೆ ತರಗತಿಯಲ್ಲಿ ಜೀವವಿಕಾಸವಾದವನ್ನು ಓದಿ ಭಾನುವಾರ ಬಲಿಪೂಜೆಯಲ್ಲಿ ಆದಿಕಾಂಡದ ವಾಚನವನ್ನು ಕೇಳುವ ವಿದ್ಯಾರ್ಥಿಯ ಮನಸ್ಸಿನಲ್ಲಿ ಇವು ಸಹಜವಾಗಿ ಏಳುತ್ತವೆ. ಎರಡರಲ್ಲೊಂದನ್ನು ಬಿಡಬೇಕೆಂದು ತಿಳಿದು ಧರ್ಮವನ್ನು ಬಿಟ್ಟವರೂ ಇದ್ದಾರೆ, ವಿಜ್ಞಾನಕ್ಕೆ ಕಿವಿ ಮುಚ್ಚಿಕೊಂಡವರೂ ಇದ್ದಾರೆ.

ಒಂದು ಧರ್ಮಗ್ರಂಥ ಸತ್ಯವೇ ಅಲ್ಲವೇ ಎಂದು ತೀರ್ಪು ನೀಡುವುದು ಸಾಹಿತ್ಯದ ಅಭ್ಯಾಸಿಯ ಕೆಲಸವಲ್ಲ. ಆದರೆ 'ಅಕ್ಷರಶಃ' ಎಂಬ ಪದದ ಅರ್ಥವೇನು, ಒಂದು ಪಠ್ಯ ಸತ್ಯವಾಗಿರುವುದೆಂದರೆ ಹೇಗೆ ಎಂಬ ಪ್ರಶ್ನೆಗಳು ಖಂಡಿತವಾಗಿಯೂ ಸಾಹಿತ್ಯಮೀಮಾಂಸೆಯ ವ್ಯಾಪ್ತಿಗೆ ಸೇರಿದವು. ಕಥೋಲಿಕ ಧರ್ಮಸಭೆಯು ಸುಮಾರು ಹದಿನೆಂಟು ಶತಮಾನಗಳಿಂದ ಈ ಪ್ರಶ್ನೆಗಳನ್ನು ಎದುರಿಸುತ್ತ ಬಂದಿರುವ ರೀತಿಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕನ್ನಡದಲ್ಲಿ ಈ ಚರ್ಚೆಗೆ ಆರಂಭದಲ್ಲೇ ಒಂದು ತೊಡಕಿದೆ. ಪ್ರೊಟೆಸ್ಟಂಟ್ ಮಿಷನರಿಗಳ ಪ್ರಯತ್ನದಿಂದ ರೂಪುಗೊಂಡು ಪ್ರಚಾರಕ್ಕೆ ಬಂದ ಕನ್ನಡ ಬೈಬಲ್ಲಿಗೆ 'ಸತ್ಯವೇದ' ಎಂದು ಹೆಸರು. ಮುಖಪುಟದಲ್ಲಿಯೇ ಸತ್ಯ ಎಂಬ ಮಾತಿರುವಾಗ ಓದುಗನು ಪುಟಪುಟದಲ್ಲಿಯೂ ವರದಿಯ ಸತ್ಯವನ್ನು ನಿರೀಕ್ಷಿಸಿದರೆ ಆಶ್ಚರ್ಯವಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವ ನಾಡು ನಮ್ಮದು. ಆದರೆ ಸುಳ್ಳಾಗದ ಆ ಗಾದೆಗಳಾದರೂ ಯಾವ ಅರ್ಥದಲ್ಲಿ ಸತ್ಯ? ಕೈ ಕೆಸರಾದರೆ ಬಾಯಿ ಮೊಸರು ಎಂದಾಗ ದುಡಿದವನ ಬಾಯಲ್ಲಿ ಮೊಸರನ್ನು ಹುಡುಕುವವರು ಯಾರೂ ಇಲ್ಲ. ಗಾದೆ ಸತ್ಯವೇ ಸರಿ, ಅದರ ಸತ್ಯವಿರುವ ಜಾಗ ಮಾತ್ರ ಬೇರೆ. ಇದು ತೀರ ಸರಳವಾದ ಉದಾಹರಣೆಯೆನ್ನಿಸಬಹುದು. ಆದರೂ ಹದಿಮೂರನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸ್ ಪ್ರತಿಪಾದಿಸಿದ ತತ್ತ್ವವನ್ನು ಕನ್ನಡದಲ್ಲಿ ವಿವರಿಸಲು ಇದಕ್ಕಿಂತ ಹತ್ತಿರದ ದಾರಿ ಕಾಣದು.

2

ಬೈಬಲ್ಲನ್ನು ಅಕ್ಷರಕ್ಕೆ ಕಟ್ಟುಬಿದ್ದು ಓದುವುದೇ ಪ್ರಾಚೀನವಾದ ಕ್ರಮ, ವಿಜ್ಞಾನದ ಒತ್ತಡಕ್ಕೆ ಮಣಿದು ಆಧುನಿಕರು ರೂಪಕಾರ್ಥವನ್ನು ಕಂಡುಕೊಂಡರು ಎಂಬ ಅಭಿಪ್ರಾಯ ನಮ್ಮಲ್ಲಿ ಸಾಮಾನ್ಯವಾಗಿದೆ. ಚರಿತ್ರೆ ಇದಕ್ಕೆ ವಿರುದ್ಧವಾಗಿದೆ. ಕ್ರಿ.ಶ. 185ರ ಸುಮಾರಿನಲ್ಲಿ ಜನಿಸಿದ ಅಲೆಕ್ಸಾಂಡ್ರಿಯದ ಓರಿಜೆನ್, ಸೂರ್ಯಚಂದ್ರರಿಲ್ಲದೆ ಮೊದಲ ಮೂರು ದಿನಗಳ ಬೆಳಗು ಬೈಗುಗಳು ಹೇಗೆ ಸಾಧ್ಯ ಎಂದು ಕೇಳಿದ್ದನು. ದೇವರು ತೋಟಗಾರನಂತೆ ಏದೆನಿನಲ್ಲಿ ಮರ ನೆಟ್ಟನೆಂಬುದನ್ನು ಅಕ್ಷರಶಃ ನಂಬುವವನ ಬುದ್ಧಿಯ ಬಗ್ಗೆ ಅವನಿಗೆ ಸಂಶಯವಿತ್ತು. ಪಠ್ಯದಲ್ಲಿ ಅಲ್ಲಲ್ಲಿ ಕಾಣುವ ಇಂಥ ಅಸಂಭವಗಳನ್ನು ಓದುಗನು ಎಡವಲೆಂದೇ ಇಡಲಾಗಿದೆ, ಎಡವಿದವನು ನಿಂತು ಆಳವಾದ ಅರ್ಥವನ್ನು ಅರಸುತ್ತಾನೆ ಎಂಬುದು ಅವನ ವಾದ. ಭಾರತೀಯ ಶಬ್ದಮೀಮಾಂಸೆಯನ್ನು ಬಲ್ಲವರಿಗೆ ಇಲ್ಲಿ ಲಕ್ಷಣಾವೃತ್ತಿಯ ಚರ್ಚೆ ನೆನಪಾಗದಿರದು. ಗಂಗೆಯಲ್ಲಿ ಹಳ್ಳಿಯಿದೆ ಎಂದಾಗ ನೀರಿನ ಮೇಲೆ ಹಳ್ಳಿಯಿರುವುದು ಅಸಾಧ್ಯವಾದ್ದರಿಂದ ಮುಖ್ಯಾರ್ಥಕ್ಕೆ ಬಾಧೆಯುಂಟಾಗಿ ಗಂಗೆಯ ದಡವೆಂಬ ಅರ್ಥ ಹೊಳೆಯುತ್ತದೆ. ಓರಿಜೆನ್ ಹೇಳುವ ಎಡವುವ ಕಲ್ಲು ಮುಖ್ಯಾರ್ಥಬಾಧೆಯೇ. ಎರಡು ಪರಂಪರೆಗಳ ನಡುವೆ ಕೊಡುಕೊಳೆಯಿತ್ತೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಪವಿತ್ರವೆಂದು ನಂಬಿದ ಪಠ್ಯವನ್ನು ಕೈಯಲ್ಲಿ ಹಿಡಿದ ಓದುಗರು ಬೇರೆಬೇರೆ ನಾಡುಗಳಲ್ಲಿ ಒಂದೇ ಬಗೆಯ ಇಕ್ಕಟ್ಟಿಗೆ ಸಿಲುಕಿದ್ದರೆಂಬುದಷ್ಟೇ ಗಮನಾರ್ಹ.

ಸಂತ ಅಗಸ್ಟೀನನ (354–430) ನಿಲುವು ಇನ್ನಷ್ಟು ಸೂಕ್ಷ್ಮವಾದುದು. ಆದಿಕಾಂಡದ ಅಕ್ಷರಾರ್ಥವನ್ನು ಕುರಿತೇ ಅವನು ಹನ್ನೆರಡು ಭಾಗಗಳ ಒಂದು ದೊಡ್ಡ ಗ್ರಂಥವನ್ನು ಬರೆದನು. ಹೆಸರಿನಲ್ಲೇ ಅಕ್ಷರಾರ್ಥವಿದ್ದರೂ ಆರು ದಿನಗಳನ್ನು ಸೂರ್ಯೋದಯ ಸೂರ್ಯಾಸ್ತಗಳ ನಡುವಿನ ಸಾಮಾನ್ಯ ದಿನಗಳೆಂದು ಅವನು ಒಪ್ಪುವುದಿಲ್ಲ. ದೇವರು ಎಲ್ಲವನ್ನೂ ಏಕಕಾಲದಲ್ಲಿ ಸೃಷ್ಟಿಸಿದನೆಂಬುದು ಅವನ ಒಲವು. ಇದೇ ಗ್ರಂಥದಲ್ಲಿ ಅವನು ಕೊಟ್ಟಿರುವ ಎಚ್ಚರಿಕೆಯೊಂದು ಇಂದಿಗೂ ಸಲ್ಲುತ್ತದೆ. ಆಕಾಶ, ನಕ್ಷತ್ರ, ಗ್ರಹಣಗಳ ಬಗ್ಗೆ ಕ್ರೈಸ್ತನಲ್ಲದ ವಿದ್ವಾಂಸನು ತರ್ಕದಿಂದಲೂ ಅನುಭವದಿಂದಲೂ ಖಚಿತವಾಗಿ ತಿಳಿದಿರುವ ಸಂಗತಿಯನ್ನು ಕ್ರೈಸ್ತನೊಬ್ಬ ಶ್ರೀಗ್ರಂಥದ ಹೆಸರಿನಲ್ಲಿ ತಪ್ಪಾಗಿ ಹೇಳಿದರೆ, ನಗೆಪಾಟಲಾಗುವುದು ಆ ಒಬ್ಬ ಅಜ್ಞಾನಿಯಷ್ಟೇ ಅಲ್ಲ. ಗ್ರಂಥಕರ್ತರೂ ಅಜ್ಞಾನಿಗಳೆನ್ನಿಸುತ್ತಾರೆ, ಆಮೇಲೆ ಪುನರುತ್ಥಾನದ ವಿಷಯದಲ್ಲಿ ಅವರ ಮಾತನ್ನು ಯಾರು ನಂಬಿಯಾರು ಎಂಬುದು ಅವನ ಆತಂಕ. ಒಂದು ಇಟ್ಟಿಗೆ ತೆಗೆದರೆ ಗೋಡೆಯೆಲ್ಲ ಬೀಳುತ್ತದೆಂದು ಅಕ್ಷರನಿಷ್ಠರು ಹೆದರುತ್ತಾರೆ. ಕೆಟ್ಟ ಇಟ್ಟಿಗೆಯನ್ನು ತೆಗೆಯಲು ಒಪ್ಪದಿರುವುದರಿಂದಲೇ ಗೋಡೆ ಬೀಳುತ್ತದೆಂಬುದು ಅಗಸ್ಟೀನನ ಹೆದರಿಕೆ.

ಮಧ್ಯಯುಗದಲ್ಲಿ ನಾಲ್ಕು ಅರ್ಥಗಳ ಸಿದ್ಧಾಂತ ವ್ಯವಸ್ಥಿತವಾಯಿತು: ಅಕ್ಷರಾರ್ಥ, ವಿಶ್ವಾಸಕ್ಕೆ ಸಂಬಂಧಿಸಿದ ಸಾಂಕೇತಿಕಾರ್ಥ, ನಡತೆಗೆ ಸಂಬಂಧಿಸಿದ ನೈತಿಕಾರ್ಥ, ಅಂತಿಮ ಗತಿಗೆ ಸಂಬಂಧಿಸಿದ ಪಾರಮಾರ್ಥಿಕಾರ್ಥ. ಐದನೆಯ ಶತಮಾನದ ಯೊವಾನ್ನಸ್ ಕಾಸಿಯನ್ ಕೊಟ್ಟ ನಿದರ್ಶನ ಪ್ರಸಿದ್ಧವಾಗಿದೆ. ಜೆರುಸಲೇಮ್ ಎಂಬುದು ಅಕ್ಷರಾರ್ಥದಲ್ಲಿ ಯೆಹೂದ್ಯರ ನಗರ, ಸಾಂಕೇತಿಕವಾಗಿ ಧರ್ಮಸಭೆ, ನೈತಿಕವಾಗಿ ಮನುಷ್ಯನ ಆತ್ಮ, ಪಾರಮಾರ್ಥಿಕವಾಗಿ ಸ್ವರ್ಗೀಯ ನಗರ.

ಈ ಸಿದ್ಧಾಂತಕ್ಕೆ ತಾತ್ತ್ವಿಕ ಸ್ಪಷ್ಟತೆ ಒದಗಿದುದು ಅಕ್ವಿನಾಸನಿಂದ (1225–1274). ಗ್ರಂಥಕರ್ತನು ಏನನ್ನು ಹೇಳಬಯಸಿದ್ದಾನೋ ಅದೇ ಅಕ್ಷರಾರ್ಥ ಎಂದು ಅವನು ಲಕ್ಷಣ ಮಾಡುತ್ತಾನೆ. ಆದಕಾರಣ ರೂಪಕವೂ ಅಕ್ಷರಾರ್ಥದೊಳಗೇ ಸೇರುತ್ತದೆ. ದೇವರ ಬಾಹು ಎಂದು ಶ್ರೀಗ್ರಂಥ ಹೇಳಿದಾಗ ದೇವರಿಗೆ ಮಾಂಸದ ತೋಳಿದೆಯೆಂಬುದು ಅಲ್ಲಿಯ ಅಕ್ಷರಾರ್ಥವಲ್ಲ. ಅವನ ಕ್ರಿಯಾಶಕ್ತಿಯೇ ಅಕ್ಷರಾರ್ಥ. ಇನ್ನು ಉಳಿದ ಮೂರು ಅರ್ಥಗಳು ಪದಗಳಿಂದ ಹುಟ್ಟುವುದಿಲ್ಲ, ಪದಗಳು ಸೂಚಿಸುವ ವಸ್ತು ಮತ್ತು ಘಟನೆಗಳಿಂದ ಹುಟ್ಟುತ್ತವೆ. ಕೆಂಪು ಸಮುದ್ರವನ್ನು ದಾಟಿದ ಘಟನೆ ಜ್ಞಾನಸ್ನಾನವನ್ನು ಸೂಚಿಸುವುದು ಈ ಬಗೆಯದು. ಆದ್ದರಿಂದ ಈ ಮೂರನ್ನು ನಮ್ಮ ವ್ಯಂಜನೆಯೊಂದಿಗೆ ಸಮೀಕರಿಸುವುದು ಸರಿಯಾಗಲಾರದು. ವ್ಯಂಜನೆ ಶಬ್ದಾರ್ಥಗಳ ವ್ಯಾಪಾರ; ಅಕ್ವಿನಾಸನು ಹೇಳುವುದು ಚರಿತ್ರೆಯನ್ನೇ ಭಾಷೆಯಂತೆ ಬಳಸಬಲ್ಲ ದೇವರ ವ್ಯಾಪಾರ.

ನಮ್ಮ ಪರಿಭಾಷೆಯ ಗೊಂದಲವೆಲ್ಲ ಇಲ್ಲಿಯೇ ಇದೆ. ಲ್ಯಾಟಿನ್ನಿನ 'ಸೆನ್ಸುಸ್ ಲಿತೆರಾಲಿಸ್' ಎಂಬುದನ್ನು ನಾವು 'ವಾಚ್ಯಾರ್ಥ' ಎಂದು ಅನುವಾದಿಸಿದರೆ ದೇವರ ತೋಳು ಮಾಂಸದ ತೋಳೇ ಆಗಬೇಕಾಗುತ್ತದೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ವಾಚ್ಯವು ಅಭಿಧೆಯಿಂದ ದೊರೆಯುವ ಅರ್ಥ. ರೂಪಕದ ಅರ್ಥ ಅದರಾಚೆಗಿನದು. ಅಕ್ವಿನಾಸನ ಪದಕ್ಕೆ 'ವಿವಕ್ಷಿತಾರ್ಥ' ಎಂಬುದೇ ಹತ್ತಿರವಾದುದು. ಧ್ವನಿಸಿದ್ಧಾಂತದಲ್ಲಿ ಈ ಪದಕ್ಕೆ ವಿಶಿಷ್ಟವಾದ ಬಳಕೆಯಿದೆಯೆಂಬುದು ನಿಜ. ಇಲ್ಲಿ ಹೇಳಲು ಉದ್ದೇಶಿಸಿದುದು ಎಂಬ ಸಾಮಾನ್ಯ ಅರ್ಥವನ್ನಷ್ಟೇ ಇಟ್ಟುಕೊಳ್ಳಲಾಗಿದೆ. ಹಾಗೆಯೇ, ಉದ್ದೇಶವನ್ನು ವಿಚಾರಿಸದೆ ಪದದ ಮೇಲ್ಮೈಯನ್ನೇ ಸತ್ಯವೆಂದು ಹಿಡಿಯುವ ಓದಿಗೆ 'ಅಕ್ಷರನಿಷ್ಠೆ' ಎಂಬ ಪ್ರತ್ಯೇಕ ಪದವನ್ನು ಬಳಸುವುದು ಒಳ್ಳೆಯದು. ಈ ಭೇದವನ್ನು ಒಪ್ಪಿದರೆ ಮೊದಲ ಪ್ರಶ್ನೆಗೆ ಉತ್ತರದ ರೂಪ ಕಾಣುತ್ತದೆ: ವಿವಕ್ಷಿತಾರ್ಥದಲ್ಲಿ ಬೈಬಲ್ ಸತ್ಯವೆಂದು ಕಥೋಲಿಕನು ನಂಬುತ್ತಾನೆ, ಅಕ್ಷರನಿಷ್ಠೆಯನ್ನು ಅವನ ಧರ್ಮಸಭೆ ಅವನಿಂದ ಬೇಡುವುದಿಲ್ಲ.

3

ಉತ್ತರದ ರೂಪ ಸಿಕ್ಕಿತೆಂದ ಮಾತ್ರಕ್ಕೆ ಧರ್ಮಸಭೆ ಅದನ್ನು ಎಂದೂ ಮರೆಯಲಿಲ್ಲವೆಂದು ಭಾವಿಸುವಂತಿಲ್ಲ. ಗೆಲಿಲಿಯೋ ಪ್ರಕರಣ ಈ ಮರೆವಿನ ಪ್ರಸಿದ್ಧ ನಿದರ್ಶನ. ಯೆಹೋಶುವನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಸೂರ್ಯನು ನಿಂತನೆಂದಿದೆ. ನಿಲ್ಲಬೇಕಾದರೆ ಮೊದಲು ಚಲಿಸುತ್ತಿರಬೇಕು. ಆದ್ದರಿಂದ ಭೂಮಿ ಚಲಿಸುತ್ತದೆಂಬುದು ಶ್ರೀಗ್ರಂಥಕ್ಕೆ ವಿರುದ್ಧ ಎಂಬುದು ಅಂದಿನ ವಾದ. 1615ರಲ್ಲಿ ಟಸ್ಕನಿಯ ರಾಜಮಾತೆ ಕ್ರಿಸ್ತಿನಾಳಿಗೆ ಬರೆದ ದೀರ್ಘ ಪತ್ರದಲ್ಲಿ ಗೆಲಿಲಿಯೋ ಅಗಸ್ಟೀನನನ್ನೇ ಮುಂದಿಟ್ಟುಕೊಂಡು ವಾದಿಸಿದನು. ಶ್ರೀಗ್ರಂಥವಿರುವುದು ಸ್ವರ್ಗಕ್ಕೆ ಹೋಗುವ ಬಗೆಯನ್ನು ಕಲಿಸಲು, ಆಕಾಶಕಾಯಗಳು ಹೋಗುವ ಬಗೆಯನ್ನಲ್ಲ ಎಂಬ ಆಶಯದ ಚತುರೋಕ್ತಿಯೊಂದು ಆ ಪತ್ರದಲ್ಲಿದೆ. ಅದು ಕಾರ್ಡಿನಲ್ ಬರೋನಿಯುಸನದೆಂದು ಪ್ರತೀತಿ.

ಗೆಲಿಲಿಯೋನ ವಿರುದ್ಧ ನಿಂತ ಕಾರ್ಡಿನಲ್ ಬೆಲ್ಲಾರ್ಮಿನೋ ಕೂಡ ಸಾಧಾರಣ ಬುದ್ಧಿಯವನಲ್ಲ. ಭೂಮಿಯ ಚಲನೆಗೆ ನಿಜವಾದ ಸಾಧನೆ ದೊರೆತರೆ, ಸಾಧಿತವಾದುದನ್ನು ಸುಳ್ಳೆನ್ನುವುದಕ್ಕಿಂತ ಶ್ರೀಗ್ರಂಥ ನಮಗೆ ಅರ್ಥವಾಗಿಲ್ಲವೆಂದು ಹೇಳುವುದೇ ಲೇಸು ಎಂದು ಅದೇ 1615ರಲ್ಲಿ ಫೊಸ್ಕರೀನಿಗೆ ಬರೆದ ಪತ್ರದಲ್ಲಿ ಅವನು ಒಪ್ಪಿದ್ದನು. ಆದರೆ ಅಂಥ ಸಾಧನೆಯನ್ನು ತಾನು ಕಂಡಿಲ್ಲ, ಸೂರ್ಯನ ಚಲನೆ ವಿಶ್ವಾಸದ ವಿಷಯವಲ್ಲದಿದ್ದರೂ ಹೇಳಿದವನು ಪವಿತ್ರಾತ್ಮನಾದ್ದರಿಂದ ವಿಶ್ವಾಸಕ್ಕೆ ಸೇರುತ್ತದೆ ಎಂದು ಅವನು ಪಟ್ಟುಹಿಡಿದನು. ತತ್ತ್ವ ಸರಿಯಾಗಿದ್ದೂ ಅನ್ವಯ ತಪ್ಪಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 1616ರ ಆಜ್ಞೆ, 1633ರ ವಿಚಾರಣೆ ಮತ್ತು ಶಿಕ್ಷೆ ಎಲ್ಲರಿಗೂ ತಿಳಿದ ಸಂಗತಿಗಳು. ನಿಷಿದ್ಧ ಗ್ರಂಥಗಳ ಪಟ್ಟಿಯಿಂದ ಕೊಪರ್ನಿಕಸ್ ಮತ್ತು ಗೆಲಿಲಿಯೋರ ಕೃತಿಗಳು ಕೈಬಿಟ್ಟುಹೋದುದು 1835ರ ಆವೃತ್ತಿಯಲ್ಲಿ. ಅಂದಿನ ಧರ್ಮಶಾಸ್ತ್ರಜ್ಞರು ಶ್ರೀಗ್ರಂಥಕ್ಕೂ ಅದರ ವ್ಯಾಖ್ಯಾನಕ್ಕೂ ಇರುವ ವ್ಯತ್ಯಾಸವನ್ನು ಗ್ರಹಿಸದೆ ಹೋದರೆಂದು ಪೋಪ್ ಎರಡನೆಯ ಜಾನ್ ಪಾಲ್ ಬಹಿರಂಗವಾಗಿ ಒಪ್ಪಿಕೊಂಡದ್ದು 1992ರ ಅಕ್ಟೋಬರ್ 31ರಂದು.

ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನ, ಜೀವವಿಕಾಸವಾದ ಹಾಗೂ ಮೆಸೊಪೊಟೇಮಿಯದ ಉತ್ಖನನಗಳು ಒಟ್ಟಿಗೆ ಬಂದೆರಗಿದಾಗ ಧರ್ಮಸಭೆಯ ಪ್ರತಿಕ್ರಿಯೆ ಒಂದೇ ದಿಕ್ಕಿನದಾಗಿರಲಿಲ್ಲ. ಹದಿಮೂರನೆಯ ಲಿಯೋ 1893ರ 'ಪ್ರೊವಿದೆಂತಿಸ್ಸಿಮುಸ್ ದೇಯುಸ್' ಎಂಬ ವಿಶ್ವಪತ್ರದಲ್ಲಿ ಪವಿತ್ರ ಲೇಖಕರು ಪ್ರಕೃತಿಯನ್ನು ಕಣ್ಣಿಗೆ ಕಂಡಂತೆ, ತಮ್ಮ ಕಾಲದ ಜನರ ಮಾತಿನಲ್ಲಿ ವರ್ಣಿಸಿದರೆಂದು ಹೇಳಿದರು. ಸೂರ್ಯ ಹುಟ್ಟಿದನು ಎಂದು ಖಗೋಳವಿಜ್ಞಾನಿಯೂ ಹೇಳುತ್ತಾನಷ್ಟೆ. ಆದರೆ ಮುಂದಿನ ದಶಕಗಳು ಭಯದ ದಶಕಗಳು. ರೋಮಿನ ಬೈಬಲ್ ಆಯೋಗವು 1906ರಲ್ಲಿ ಪಂಚಗ್ರಂಥಗಳ ಕರ್ತೃತ್ವವನ್ನು ಮೋಶೆಗೇ ಉಳಿಸುವ ನಿಲುವು ತಳೆಯಿತು. 1909ರಲ್ಲಿ ಆದಿಕಾಂಡದ ಮೊದಲ ಮೂರು ಅಧ್ಯಾಯಗಳ ಮುಖ್ಯ ಸಂಗತಿಗಳ ಚಾರಿತ್ರಿಕತೆಯನ್ನು ಸಂಶಯಿಸುವಂತಿಲ್ಲವೆಂದಿತು. ಅದೇ ತೀರ್ಮಾನದಲ್ಲಿ 'ದಿನ' ಎಂಬ ಪದವನ್ನು ಇಪ್ಪತ್ತನಾಲ್ಕು ಗಂಟೆಗಳೆಂದೂ ದೀರ್ಘ ಕಾಲಾವಧಿಯೆಂದೂ ಅರ್ಥೈಸಲು ಸ್ವಾತಂತ್ರ್ಯವಿತ್ತೆಂಬುದನ್ನು ಮರೆಯಬಾರದು. 1890ರಲ್ಲಿ ಜೆರುಸಲೇಮಿನಲ್ಲಿ ಬೈಬಲ್ ಅಧ್ಯಯನದ ಶಾಲೆಯನ್ನು ಸ್ಥಾಪಿಸಿದ ದೊಮಿನಿಕ ಸಂನ್ಯಾಸಿ ಲಗ್ರಾಂಜ್ ಅವರಂಥ ನಿಷ್ಠಾವಂತ ವಿದ್ವಾಂಸರೂ ಆ ಕಾಲದಲ್ಲಿ ಅನುಮಾನದ ಕಣ್ಣಿಗೆ ಬಿದ್ದು ಆದಿಕಾಂಡದ ಕೆಲಸವನ್ನು ಬದಿಗಿಡಬೇಕಾಯಿತು.

ತಿರುವು ಬಂದುದು ಎರಡನೆಯ ಮಹಾಯುದ್ಧದ ನಡುವೆ. ಹನ್ನೆರಡನೆಯ ಪಿಯುಸ್ 1943ರ ಸೆಪ್ಟೆಂಬರ್ 30ರಂದು ಹೊರಡಿಸಿದ 'ದಿವಿನೊ ಆಫ್ಲಾಂತೆ ಸ್ಪಿರಿತು' ವಿಶ್ವಪತ್ರವು ಮೂಲಭಾಷೆಗಳ ಅಧ್ಯಯನವನ್ನು ಪ್ರೋತ್ಸಾಹಿಸಿತಲ್ಲದೆ, ಪ್ರಾಚೀನ ಪೂರ್ವದೇಶಗಳ ಲೇಖಕರು ಬಳಸುತ್ತಿದ್ದ ಸಾಹಿತ್ಯ ಪ್ರಕಾರಗಳನ್ನು ವ್ಯಾಖ್ಯಾನಕಾರನು ಗುರುತಿಸಲೇಬೇಕೆಂದು ವಿಧಿಸಿತು. ಧರ್ಮಸಭೆಯ ಉನ್ನತಪೀಠವೊಂದು ಧರ್ಮಗ್ರಂಥದ ಸತ್ಯವನ್ನು ತಿಳಿಯಲು ಸಾಹಿತ್ಯ ವಿಮರ್ಶೆ ಅನಿವಾರ್ಯವೆಂದು ಸಾರಿದ ಗಳಿಗೆಯಿದು. 1955ರಲ್ಲಿ ಬೈಬಲ್ ಆಯೋಗದ ಕಾರ್ಯದರ್ಶಿಯೇ, ವಿಶ್ವಾಸ ಮತ್ತು ನೀತಿಗೆ ಸಂಬಂಧಿಸದ ವಿಷಯಗಳಲ್ಲಿ ಹಳೆಯ ತೀರ್ಮಾನಗಳು ವಿದ್ವಾಂಸರ ಸ್ವಾತಂತ್ರ್ಯವನ್ನು ಕಟ್ಟಿಹಾಕುವುದಿಲ್ಲವೆಂದು ಸ್ಪಷ್ಟಪಡಿಸಿದರು.

4

ಸಾಹಿತ್ಯ ಪ್ರಕಾರವೆಂಬುದು ಕನ್ನಡ ಓದುಗನಿಗೆ ಹೊಸ ಮಾತಲ್ಲ. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ವೇಮುಲವಾಡದ ಚಾಲುಕ್ಯ ಅರಿಕೇಸರಿಯೇ ಅರ್ಜುನನಾಗಿದ್ದಾನೆ. ಆ ಕಾವ್ಯದಿಂದ ಚಾಲುಕ್ಯರ ವಂಶಾವಳಿಯನ್ನು ಇತಿಹಾಸಕಾರರು ಸಂಗ್ರಹಿಸುತ್ತಾರೆ. ಅರಿಕೇಸರಿ ಕುರುಕ್ಷೇತ್ರದಲ್ಲಿ ಕಾದಿದನೆಂದು ಯಾರೂ ಬರೆಯುವುದಿಲ್ಲ, ಪಂಪನನ್ನು ಸುಳ್ಳುಗಾರನೆಂದು ಕರೆಯುವುದೂ ಇಲ್ಲ. ಶಾಸನವನ್ನು ಶಾಸನವಾಗಿ, ಕಾವ್ಯವನ್ನು ಕಾವ್ಯವಾಗಿ ಓದುವುದು ನಮಗೆ ರೂಢಿಯಾಗಿದೆ. ಒಂದೇ ಕೃತಿಯೊಳಗೆ ಎರಡೂ ಬೆರೆತಿದ್ದರೆ ಬಿಡಿಸಿಕೊಳ್ಳುವುದೂ ರೂಢಿಯಾಗಿದೆ. ಬೈಬಲ್ ಒಂದು ಕೃತಿಯಲ್ಲ, ಗ್ರಂಥಾಲಯ. ಕಥೋಲಿಕರ ಎಣಿಕೆಯಲ್ಲಿ 73 ಗ್ರಂಥಗಳು. ಅವುಗಳಲ್ಲಿ ಹಾಡು, ವಂಶಾವಳಿ, ಕಾನೂನು, ಗಾದೆ, ಆಸ್ಥಾನ ವೃತ್ತಾಂತ, ಪತ್ರ, ದರ್ಶನ ಎಲ್ಲವೂ ಇವೆ.

ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನೇ ನೋಡಬಹುದು. ಮೊದಲನೆಯದರಲ್ಲಿ ಸಸ್ಯಗಳು, ಪ್ರಾಣಿಗಳು, ಕೊನೆಗೆ ಗಂಡುಹೆಣ್ಣಾಗಿ ಮನುಷ್ಯರು ಈ ಕ್ರಮದಲ್ಲಿ ಸೃಷ್ಟಿಯಾಗುತ್ತಾರೆ. ಎರಡನೆಯದರಲ್ಲಿ ಮೊದಲು ಮನುಷ್ಯ, ಆಮೇಲೆ ತೋಟದ ಮರಗಳು, ಆಮೇಲೆ ಪ್ರಾಣಿಗಳು, ಕೊನೆಗೆ ಹೆಂಗಸು. ಒಂದರಲ್ಲಿ ದೇವರ ಹೆಸರು ಎಲೋಹಿಮ್, ಇನ್ನೊಂದರಲ್ಲಿ ಅದರೊಡನೆ ಯಾಹ್ವೆ ಎಂಬ ನಾಮವೂ ಇದೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟ ಪ್ರಾಚೀನ ಸಂಪಾದಕನಿಗೆ ವಿರೋಧ ಕಾಣಲಿಲ್ಲವೆಂದರೆ ಅವನು ಮಂದಬುದ್ಧಿಯವನೆಂದು ತಿಳಿಯಬೇಕಿಲ್ಲ; ಸೃಷ್ಟಿಯ ವೇಳಾಪಟ್ಟಿಯನ್ನು ಕೊಡುವುದು ಅವನ ವಿವಕ್ಷೆಯಾಗಿರಲಿಲ್ಲ. ಬ್ಯಾಬಿಲೋನಿನವರು ದೇವತೆಗಳೆಂದು ಪೂಜಿಸುತ್ತಿದ್ದ ಸೂರ್ಯಚಂದ್ರರನ್ನು ನಾಲ್ಕನೆಯ ದಿನ ಹೆಸರೂ ಇಡದೆ ಎರಡು ದೀಪಗಳಾಗಿ ತೂಗುಹಾಕುವ ಲೇಖಕನು ಹೇಳಬಯಸಿದ ಸತ್ಯ ಖಗೋಳವಿಜ್ಞಾನಕ್ಕೆ ಸೇರಿದುದಲ್ಲ. ಮೂಲದಲ್ಲಿ 'ಆದಾಮ್' ಎಂದರೆ ಮನುಷ್ಯ, 'ಅದಾಮಾ' ಎಂದರೆ ಮಣ್ಣು. ಮಣ್ಣಿನಿಂದ ಮಣ್ಣವನು ಹುಟ್ಟಿದನೆಂಬ ಈ ಶ್ಲೇಷ ಕನ್ನಡದಲ್ಲಿ ಆದಾಮನೆಂಬ ಅಂಕಿತನಾಮವಾಗಿ ನಿಂತಾಗ ಕಳೆದುಹೋಗುತ್ತದೆ. ಅನುವಾದದಲ್ಲಿ ಶ್ಲೇಷ ಕಳೆದರೆ ಕಾವ್ಯವು ವರದಿಯಂತೆ ಕಾಣತೊಡಗುತ್ತದೆಂಬುದು ನಮ್ಮ ಅನುವಾದ ಅಧ್ಯಯನಗಳಲ್ಲಿ ಇನ್ನೂ ಸಾಕಷ್ಟು ಚರ್ಚೆಗೆ ಬಾರದ ವಿಷಯ.

ಯೋನನ ಗ್ರಂಥ ಇನ್ನೂ ಸ್ಪಷ್ಟ. ಅಲ್ಲಿ ಪ್ರವಾದಿ ಓಡಿಹೋಗುತ್ತಾನೆ, ಅನ್ಯಧರ್ಮೀಯ ನಾವಿಕರು ಪ್ರಾರ್ಥಿಸುತ್ತಾರೆ, ನಿನೆವೆ ನಗರದ ಜನರೊಂದಿಗೆ ದನಕುರಿಗಳೂ ಗೋಣಿತಟ್ಟು ಹೊದ್ದು ಪಶ್ಚಾತ್ತಾಪಪಡುತ್ತವೆ. ಗೋಣಿತಟ್ಟು ಹೊದ್ದ ದನಗಳನ್ನು ಕಂಡೂ ನಗದೆ, ಮೀನಿನ ಗಂಟಲಿನ ಅಗಲವನ್ನು ಅಳೆಯಲು ಹೊರಡುವವನು ಗ್ರಂಥವನ್ನು ಗೌರವಿಸುತ್ತಿದ್ದಾನೆಂದು ಹೇಳಲಾಗದು. ತಮ್ಮ ಶತ್ರುಗಳ ಮೇಲೂ ದೇವರಿಗೆ ಕರುಣೆಯಿದೆಯೆಂಬ ಕಹಿಯಾದ ಸತ್ಯವನ್ನು ಯೆಹೂದ್ಯರಿಗೆ ಹೇಳುವ ಈ ಕಥೆಯಲ್ಲಿ ಮೀನು ಒಂದು ವಾಹನ ಮಾತ್ರ.

ನಮ್ಮ ನಾಡಿನ ಸಮೀಪದಲ್ಲಿಯೇ ಇದಕ್ಕೆ ಸಂಬಂಧಿಸಿದ ಸ್ವಾರಸ್ಯಕರ ಸಂಗತಿಯೊಂದಿದೆ. ಇಂಗ್ಲೆಂಡಿನಿಂದ ಗೋವೆಗೆ ಬಂದ ಯೇಸುಸಭೆಯ ತೋಮಸ್ ಸ್ಟೀಫನ್ಸ್ ಬೈಬಲ್ಲಿನ ಕಥೆಯನ್ನು ಕೊಂಕಣಿಯ ಛಾಯೆಯುಳ್ಳ ಮರಾಠಿಯ ಓವಿಗಳಲ್ಲಿ ಹಾಡಿ, ಅದು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. 'ಕ್ರಿಸ್ತಪುರಾಣ'ವೆಂದು ಪ್ರಸಿದ್ಧವಾದ ಈ ಕೃತಿ ಕೆನರಾ ಕರಾವಳಿಗೆ ವಲಸೆ ಬಂದ ಕಥೋಲಿಕರೊಂದಿಗೆ ಹಸ್ತಪ್ರತಿಗಳ ರೂಪದಲ್ಲಿ ಬಂದು ಉಳಿಯಿತು. 1907ರಲ್ಲಿ ಮಂಗಳೂರಿನಿಂದಲೇ ಜೆ. ಎಲ್. ಸಲ್ಡಾನ್ಹಾ ಅವರ ಸಂಪಾದನೆಯಲ್ಲಿ ಪ್ರಕಟವಾಯಿತು. ಗೆಲಿಲಿಯೋನಿಗೆ ಸಂಬಂಧಿಸಿದ ಆಜ್ಞೆ ರೋಮಿನಲ್ಲಿ ಹೊರಟ ವರ್ಷವೇ ಗೋವೆಯ ಪಾದ್ರಿಯೊಬ್ಬರು ಬೈಬಲ್ಲಿಗೆ ಪುರಾಣವೆಂಬ ಪ್ರಕಾರವನ್ನು ಆರಿಸಿಕೊಂಡದ್ದು ಕಾಕತಾಳೀಯ. ಸ್ಟೀಫನ್ಸ್ ಬೈಬಲ್ಲನ್ನು ಕಲ್ಪಿತವೆಂದು ಭಾವಿಸಿದ್ದರೆಂದು ಇದರಿಂದ ಹೇಳುವಂತಿಲ್ಲ. ಆದರೆ ಪುರಾಣವೆಂಬ ಹೆಸರಿನಡಿ ಕೇಳುವವನ ನಿರೀಕ್ಷೆ ಬೇರೆಯಾಗುತ್ತದೆ. ಮಾತಿನ ನಡುವೆ ಯಾರಾದರೂ ಬೆಳೆಸಿದರೆ ಪುರಾಣ ಹೇಳಬೇಡ ಎಂದು ನಾವು ಗದರುತ್ತೇವಾದರೂ, ಪುರಾಣ ಕೇಳಲು ಕುಳಿತವನು ತಾರೀಖು ಕೇಳುವುದಿಲ್ಲ, ಸುಳ್ಳೆಂದು ಎದ್ದುಹೋಗುವುದೂ ಇಲ್ಲ.

5

ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ (1962–65) ಈ ಪ್ರಶ್ನೆ ತೀವ್ರವಾಗಿ ಚರ್ಚೆಗೆ ಬಂದಿತು. ಪ್ರಕಟಣೆಯ ಮೂಲಗಳನ್ನು ಕುರಿತ ಮೊದಲ ಕರಡು ಶ್ರೀಗ್ರಂಥವು ಧಾರ್ಮಿಕ ಹಾಗೂ ಲೌಕಿಕ ಎಲ್ಲ ವಿಷಯಗಳಲ್ಲಿಯೂ ದೋಷರಹಿತವೆಂಬ ಧಾಟಿಯಲ್ಲಿತ್ತು. 1962ರ ನವೆಂಬರಿನಲ್ಲಿ 1368 ಮಂದಿ ಅದರ ಚರ್ಚೆಯನ್ನೇ ನಿಲ್ಲಿಸಬೇಕೆಂದು, 822 ಮಂದಿ ಮುಂದುವರಿಸಬೇಕೆಂದು ಮತ ನೀಡಿದರು. ಮೂರನೆಯ ಎರಡರಷ್ಟು ಬಹುಮತಕ್ಕೆ ಕೊರತೆಯಿದ್ದರೂ ಇಪ್ಪತ್ತಮೂರನೆಯ ಜಾನ್ ಮಧ್ಯೆ ಪ್ರವೇಶಿಸಿ ಕರಡನ್ನು ಹಿಂದೆಗೆಸಿದರು.

1964ರ ಅಕ್ಟೋಬರಿನಲ್ಲಿ ವಿಯೆನ್ನಾದ ಕಾರ್ಡಿನಲ್ ಕ್ಯೋನಿಗ್ ಸಭೆಯ ಮುಂದೆ ನಿಂತು ಬೈಬಲ್ಲಿನಲ್ಲಿರುವ ಕೆಲವು ತಪ್ಪುಗಳನ್ನೇ ಎತ್ತಿ ತೋರಿಸಿದರು. ಮಾರ್ಕನ ಎರಡನೆಯ ಅಧ್ಯಾಯ, ದಾವೀದನು ಪವಿತ್ರ ರೊಟ್ಟಿಯನ್ನು ತಿಂದಾಗ ಅಬಿಯಾತರನು ಪ್ರಧಾನ ಯಾಜಕನಾಗಿದ್ದನೆನ್ನುತ್ತದೆ. ಸಮುವೇಲನ ಮೊದಲ ಗ್ರಂಥದ ಪ್ರಕಾರ ಅಲ್ಲಿದ್ದವನು ಅಹಿಮೆಲೆಕ. ಮತ್ತಾಯನ ಇಪ್ಪತ್ತೇಳನೆಯ ಅಧ್ಯಾಯ ಯೆರೆಮೀಯನದೆಂದು ಹೇಳುವ ಮಾತು ಹೆಚ್ಚಾಗಿ ಜೆಕರ್ಯನ ಗ್ರಂಥಕ್ಕೆ ಸೇರಿದುದು. ದೇವರು ಮನುಷ್ಯರನ್ನು ಬಳಸಿಕೊಂಡಾಗ ಅವರ ಮನುಷ್ಯಸಹಜ ಮಿತಿಗಳನ್ನೂ ಸ್ವೀಕರಿಸಿದನು, ಇದನ್ನು ನೇರವಾಗಿ ಒಪ್ಪುವುದರಿಂದ ಗ್ರಂಥದ ಗೌರವ ಕುಂದದು ಎಂಬುದು ಅವರ ಭಾಷಣದ ಧೋರಣೆ. ಧರ್ಮಸಭೆಯ ಉನ್ನತ ವೇದಿಕೆಯಲ್ಲಿ ಕಾರ್ಡಿನಲ್ ಒಬ್ಬರು ಇಷ್ಟು ಸರಳವಾಗಿ ಇದನ್ನು ಹೇಳಿದುದು ಇಂದು ಓದುವಾಗಲೂ ಬೆರಗು ಹುಟ್ಟಿಸುತ್ತದೆ.

ಕೊನೆಯ ಹಂತದ ಕರಡಿನಲ್ಲಿ 'ರಕ್ಷಣೆಯ ಸತ್ಯ' ಎಂಬ ಪದಪುಂಜವಿತ್ತು. ಹೀಗೆಂದರೆ ವಿಶ್ವಾಸ ಮತ್ತು ನೀತಿಯ ವಾಕ್ಯಗಳು ಮಾತ್ರ ಸತ್ಯ, ಉಳಿದವು ಹೇಗಾದರೂ ಇರಲಿ ಎಂದು ಗ್ರಂಥವನ್ನೇ ಎರಡು ಹೋಳು ಮಾಡಿದಂತಾಗುತ್ತದೆ ಎಂಬ ಆಕ್ಷೇಪ ಬಂದಿತು. ಆರನೆಯ ಪಾಲ್ ಮರುಪರಿಶೀಲನೆಗೆ ಸೂಚಿಸಿದರು. 1965ರ ನವೆಂಬರ್ 18ರಂದು 2344 ಪರ ಮತ್ತು 6 ವಿರೋಧ ಮತಗಳಿಂದ ಅಂಗೀಕೃತವಾದ 'ದೇಯಿ ವೆರ್ಬುಂ' ಶಾಸನದ ಹನ್ನೊಂದನೆಯ ಪರಿಚ್ಛೇದದಲ್ಲಿ, ನಮ್ಮ ರಕ್ಷಣೆಯ ಸಲುವಾಗಿ ದೇವರು ದಾಖಲಾಗಬೇಕೆಂದು ಬಯಸಿದ ಸತ್ಯವನ್ನು ಶ್ರೀಗ್ರಂಥಗಳು ತಪ್ಪಿಲ್ಲದೆ ಬೋಧಿಸುತ್ತವೆ ಎಂಬ ಅರ್ಥದ ಮಾತು ಉಳಿಯಿತು. ವ್ಯತ್ಯಾಸ ಒಂದು ಪ್ರತ್ಯಯದಷ್ಟೆಂದು ತೋರಬಹುದು. ವಾಸ್ತವವಾಗಿ ಅದು ದೊಡ್ಡದು. 'ರಕ್ಷಣೆಯ' ಎಂಬ ವಿಶೇಷಣ ಸತ್ಯದ ಒಂದು ವರ್ಗವನ್ನು ಹೇಳುತ್ತದೆ. 'ರಕ್ಷಣೆಯ ಸಲುವಾಗಿ' ಎಂಬುದು ಇಡೀ ಗ್ರಂಥದ ಪ್ರಯೋಜನವನ್ನು ಹೇಳುತ್ತದೆ. ಯಾವ ವಾಕ್ಯವನ್ನೂ ಹೊರಗಿಡದೆ, ಪ್ರತಿ ವಾಕ್ಯವೂ ಯಾವುದಕ್ಕಾಗಿ ಇದೆಯೆಂದು ಕೇಳಲು ಅದು ಓದುಗನನ್ನು ಒತ್ತಾಯಿಸುತ್ತದೆ. ಹನ್ನೆರಡನೆಯ ಪರಿಚ್ಛೇದವು ಪ್ರಕಾರಗಳ ವಿಚಾರವನ್ನು ಮತ್ತೆ ಎತ್ತಿಹಿಡಿದು, ಗ್ರಂಥದ ಸಮಗ್ರತೆಯನ್ನೂ ಧರ್ಮಸಭೆಯ ಜೀವಂತ ಪರಂಪರೆಯನ್ನೂ ಗಮನದಲ್ಲಿಡಬೇಕೆಂದು ಸೇರಿಸುತ್ತದೆ.

1993ರಲ್ಲಿ ಬೈಬಲ್ ಆಯೋಗವು ಹೊರತಂದ ದಾಖಲೆ ಅನೇಕ ಆಧುನಿಕ ವಿಮರ್ಶಾಮಾರ್ಗಗಳ ಗುಣದೋಷಗಳನ್ನು ಸಮಾಧಾನದಿಂದ ತೂಗಿನೋಡುತ್ತದೆ. ಮೂಲಭೂತವಾದಿ ಓದಿಗೆ ಬಂದಾಗ ಮಾತ್ರ ಅದರ ಭಾಷೆ ಕಟುವಾಗುತ್ತದೆ: ಅದು ಬುದ್ಧಿಯ ಆತ್ಮಹತ್ಯೆಗೆ ಕರೆಯುವಂಥದು ಎಂಬ ಧಾಟಿಯಲ್ಲಿ ಖಂಡಿಸುತ್ತದೆ. ಅದರ ಕಾರಣವೂ ಧರ್ಮಶಾಸ್ತ್ರೀಯವೇ. ದೇವರ ವಾಕ್ಯ ಮನುಷ್ಯರ ಭಾಷೆಯಲ್ಲಿ, ಮಿತಿಗಳೊಂದಿಗೆ ಅವತರಿಸಿತೆಂಬುದನ್ನು ಅಕ್ಷರನಿಷ್ಠನು ನಿರಾಕರಿಸುತ್ತಾನೆ. ದೇವರು ಮನುಷ್ಯನಾದನೆಂಬ ವಿಶ್ವಾಸಕ್ಕೇ ಅವನ ಓದು ಒಗ್ಗುವುದಿಲ್ಲ. ಇಲ್ಲಿ ನೆನಪಿಡಬೇಕಾದುದೆಂದರೆ ಮೂಲಭೂತವಾದವೆಂಬ ಈ ಹೆಸರೇ 1910ರಿಂದ 1915ರವರೆಗೆ ಅಮೆರಿಕದಲ್ಲಿ ಪ್ರಕಟವಾದ ಪ್ರೊಟೆಸ್ಟಂಟ್ ಪುಸ್ತಿಕೆಗಳ ಮಾಲೆಯೊಂದರೊಂದಿಗೆ ಬೆಸೆದುಕೊಂಡಿದೆ. ಕಥೋಲಿಕ ಪರಂಪರೆಗೆ ಅದು ಹೊರಗಿನಿಂದ ಬಂದ ಬಿಗಿತ.

6

ಹಾಗಾದರೆ ಎಲ್ಲವೂ ರೂಪಕವೆ? ಲೇಖನದ ಆರಂಭದಲ್ಲಿ ಎತ್ತಿದ ಕೊನೆಯ ಪ್ರಶ್ನೆ ಇನ್ನೂ ಉಳಿದಿದೆ. ಸ್ವಾರಸ್ಯವೆಂದರೆ ಕಥೋಲಿಕರು ಕೆಲವು ಕಡೆ ತಮ್ಮ ವಿರೋಧಿಗಳಿಗಿಂತ ಹೆಚ್ಚು ಅಕ್ಷರಕ್ಕೆ ಅಂಟಿಕೊಳ್ಳುತ್ತಾರೆ. ಕೊನೆಯ ಭೋಜನದಲ್ಲಿ ಯೇಸು ರೊಟ್ಟಿಯನ್ನು ಹಿಡಿದು ಅದನ್ನು ತನ್ನ ದೇಹವೆಂದು ಹೇಳಿದ ಮಾತನ್ನು ಸ್ವಿಸ್ ಸುಧಾರಕ ಜ್ವಿಂಗ್ಲಿ ಸಂಕೇತವೆಂದು ತಿಳಿದನು. ಲೂಥರನು 1529ರ ಮಾರ್ಬುರ್ಗ್ ಸಂವಾದದಲ್ಲಿ ಅದನ್ನು ಒಪ್ಪದೆ ಜಗಳವಾಡಿದನು. ಕಥೋಲಿಕರು ಪರಮಪ್ರಸಾದದಲ್ಲಿ ಕ್ರಿಸ್ತನ ನೈಜ ಸಾನ್ನಿಧ್ಯವನ್ನು ಇಂದಿಗೂ ನಂಬುತ್ತಾರೆ. ಆರು ದಿನಗಳನ್ನು ಗಂಟೆ ಎಣಿಸಿ ನಂಬುವ ಅನೇಕರು ಇಲ್ಲಿ ರೂಪಕವನ್ನು ಕಾಣುತ್ತಾರೆ, ಆರು ದಿನಗಳಲ್ಲಿ ರೂಪಕವನ್ನು ಕಾಣುವವರು ಇಲ್ಲಿ ನಿಜವನ್ನು ಹೇಳುತ್ತಾರೆ. ಯಾವ ಓದುಗನೂ ಎಲ್ಲವನ್ನೂ ಅಕ್ಷರಶಃ ಓದುವುದಿಲ್ಲ. ಎಲ್ಲಿ ಅಕ್ಷರ, ಎಲ್ಲಿ ರೂಪಕ ಎಂದು ನಿರ್ಣಯಿಸುವ ಮಾನದಂಡವೇ ವಿವಾದದ ನಿಜವಾದ ವಸ್ತು.

ಪುನರುತ್ಥಾನದ ವಿಷಯದಲ್ಲಿ ಪ್ರಕಾರದ ವಿಚಾರವೇ ಕಥೋಲಿಕನ ನೆರವಿಗೆ ಬರುತ್ತದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಇರುವುದು ಹಾವು ಮಾತನಾಡುವ ಕಥೆಯಲ್ಲ, ಸಾಕ್ಷಿಗಳ ಪಟ್ಟಿ. ಕೇಫ, ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಜನ, ಅವರಲ್ಲಿ ಬಹುಮಂದಿ ಇನ್ನೂ ಬದುಕಿರುವರೆಂಬ ಸೂಚನೆ, ಯಕೋಬ, ಕೊನೆಯಲ್ಲಿ ತಾನು. ಘಟನೆಯಾದ ಸುಮಾರು ಇಪ್ಪತ್ತೈದು ವರ್ಷಗಳೊಳಗೆ ಬರೆದ ಪತ್ರವಿದು. ಆ ಸಾಕ್ಷ್ಯವನ್ನು ಒಪ್ಪುವುದೂ ಬಿಡುವುದೂ ಓದುಗನಿಗೆ ಸೇರಿದುದು. ಪೌಲನ ವಿವಕ್ಷೆ ಮಾತ್ರ ಸಂಶಯಾತೀತ. ಅವನು ನಡೆದುದನ್ನು ಹೇಳುತ್ತಿದ್ದೇನೆಂದು ನಂಬಿದ್ದನು, ನಡೆಯದಿದ್ದರೆ ವಿಶ್ವಾಸವೇ ವ್ಯರ್ಥವೆಂದೂ ವಾದಿಸಿದನು. ಇದನ್ನು ಕವಿತೆಯೆಂದು ಓದುವುದು ಆದಿಕಾಂಡವನ್ನು ವರದಿಯೆಂದು ಓದುವಷ್ಟೇ ದೊಡ್ಡ ಪ್ರಮಾದ.

ಇವೆರಡರ ನಡುವೆ ಒಂದು ಕಠಿಣ ಸ್ಥಳವಿದೆ. 1992ರ ಧರ್ಮೋಪದೇಶ ಗ್ರಂಥದ 390ನೆಯ ಪರಿಚ್ಛೇದದಂತೆ ಆದಾಮನ ಪತನದ ಕಥನ ಸಾಂಕೇತಿಕ ಭಾಷೆಯಲ್ಲಿದೆ, ಆದರೆ ಮಾನವ ಚರಿತ್ರೆಯ ಆದಿಯಲ್ಲಿ ನಡೆದ ಘಟನೆಯೊಂದನ್ನು ಅದು ದೃಢಪಡಿಸುತ್ತದೆ. ಮನುಷ್ಯದೇಹದ ವಿಕಾಸವನ್ನು ಕುರಿತ ಸಂಶೋಧನೆಗೆ 1950ರ 'ಹುಮಾನಿ ಜೆನೆರಿಸ್' ಅವಕಾಶ ನೀಡಿದ್ದರೂ, ಮಾನವಕುಲ ಹಲವು ಮೂಲಪುರುಷರಿಂದ ಬಂದಿತೆಂಬ ಊಹೆಯನ್ನು ಮೂಲಪಾಪದ ಬೋಧೆಯೊಂದಿಗೆ ಹೇಗೆ ಹೊಂದಿಸಬಹುದೆಂಬುದು ಕಾಣುತ್ತಿಲ್ಲವೆಂದು ಅದು ಹೇಳಿತ್ತು. ಹೊಂದಿಸಲಾಗದು ಎನ್ನಲಿಲ್ಲ, ಕಾಣುತ್ತಿಲ್ಲ ಎಂದಿತು. 1996ರಲ್ಲಿ ಎರಡನೆಯ ಜಾನ್ ಪಾಲ್ ವಿಕಾಸವಾದವು ಬರಿಯ ಊಹೆಯಾಗಿ ಉಳಿದಿಲ್ಲವೆಂದು ಒಪ್ಪಿದರು. ನಮ್ಮ ಪೂರ್ವಿಕರ ಸಂಖ್ಯೆ ಎಂದೂ ಇಬ್ಬರಿಗೆ ಇಳಿದಿರಲಿಲ್ಲ, ಅದು ಸಾವಿರಗಳಲ್ಲಿತ್ತು ಎಂಬುದು ತಳಿವಿಜ್ಞಾನದ ಇಂದಿನ ಪ್ರಬಲ ಅಭಿಪ್ರಾಯ. ಆದಾಮನನ್ನು ಒಬ್ಬ ವ್ಯಕ್ತಿಯೆಂದು, ಒಂದು ಸಮುದಾಯದ ಪ್ರತಿನಿಧಿಯೆಂದು, ಪ್ರತಿಯೊಬ್ಬ ಮನುಷ್ಯನೆಂದು ಬಗೆಬಗೆಯಾಗಿ ವಿವರಿಸುವ ಕಥೋಲಿಕ ಚಿಂತಕರಿದ್ದಾರೆ. ವಿವಕ್ಷಿತಾರ್ಥದ ಸಿದ್ಧಾಂತ ಆರು ದಿನಗಳನ್ನು ಬಿಡಿಸಿದಷ್ಟು ಸುಲಭವಾಗಿ ಈ ಗಂಟನ್ನು ಬಿಡಿಸಿಲ್ಲ. ಬೆಲ್ಲಾರ್ಮಿನೋ ಒಪ್ಪಿಕೊಂಡೂ ಅನ್ವಯಿಸದೆ ಹೋದ ಮಾತು, ಎಂದರೆ ಶ್ರೀಗ್ರಂಥ ನಮಗೆ ಅರ್ಥವಾಗಿಲ್ಲವೆಂದು ಹೇಳಬೇಕಾಗಬಹುದೆಂಬ ಮಾತು, ಈಗ ಅವರ ಮೇಜಿನ ಮೇಲಿದೆ.